ಪ್ರಯಾಣದ ದಿನ ನೀರು ಬಿಟ್ಟರೆ ಒಳ್ಳೆಯದೇ?

ಪ್ರಶ್ನೆ: ರಜೆಗೆ 8 ದಿನಗಳ ಪ್ರವಾಸ ಹೊರಟಿದ್ದೇವೆ. ಕಾರಿನಲ್ಲಿ 10 ಗಂಟೆ, ಒಂದು ರಾತ್ರಿ ತಂಗಿ, ಮರುದಿನ ವಿಮಾನದಲ್ಲಿ 5 ಗಂಟೆ. ಅತ್ತೆಗೆ 68 ವರ್ಷ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಅಮ್ಲೋಡಿಪಿನ್ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದೆ. ಕಳೆದ ಸಲ, ದಾರಿಯಲ್ಲಿ ಶೌಚಾಲಯ ಸರಿಯಿರುವುದಿಲ್ಲವೆಂದು ಹಿಂದಿನ ಸಂಜೆಯಿಂದಲೇ ನೀರು ಬಿಟ್ಟರು, ಆ ಮಾತ್ರೆಯನ್ನೂ ಬಿಟ್ಟರು. ಆದರೂ ಕಾಲು ಊದಿ ಚಪ್ಪಲಿ ಹಿಡಿಸಲಿಲ್ಲ. 3 ದಿನ ಮಲಬದ್ಧತೆ, 4ನೇ ದಿನ ಉರಿಮೂತ್ರ. 7 ವರ್ಷದ ಮಗನಿಗೆ ತಿರುವು ರಸ್ತೆ ಬಂದರೆ ಸಾಕು, ವಾಂತಿ. ಮನೆಯಲ್ಲಿದ್ದ ಒಂಡಾನ್‌ಸೆಟ್ರಾನ್ ಸಿರಪ್ ಕೊಟ್ಟರೂ ನಿಲ್ಲಲಿಲ್ಲ. ಹೊರಗಿನ ಊಟ ತಿಂದು ನನಗೆ 2 ದಿನ ಭೇದಿ. ಈ ಸಲ ಹೊರಡುವ ಮುಂಚೆಯೇ ಎಲ್ಲರೂ ಆ್ಯಂಟಿಬಯಾಟಿಕ್ ತೆಗೆದುಕೊಳ್ಳಿ, ರಕ್ತ ಹೆಪ್ಪುಗಟ್ಟದಂತೆ ಅತ್ತೆಗೆ ಆಸ್ಪಿರಿನ್ ಕೊಡಿ ಎಂದು ನೆಂಟರೊಬ್ಬರು ಹೇಳುತ್ತಿದ್ದಾರೆ. ರಾತ್ರಿ ಊಟ ಮುಗಿಸಿ ಹೊರಟರೆ ರಸ್ತೆ ಖಾಲಿ ಇರುತ್ತದೆ ಎನ್ನುವುದು ನಮ್ಮ ಮನೆಯವರ ಲೆಕ್ಕ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ. ಕಳೆದ ಸಲ ಆದ ತೊಂದರೆಗಳಲ್ಲಿ ಹೆಚ್ಚಿನವು ಮುನ್ನೆಚ್ಚರಿಕೆಯೆಂದು ಮಾಡಿದ ಕೆಲಸಗಳಿಂದಲೇ ಬಂದವು. ನೀರು ಬಿಟ್ಟದ್ದು, ಮಾತ್ರೆ ಬಿಟ್ಟದ್ದು, ಬೇರೆ ಕಾಯಿಲೆಯ ಸಿರಪ್ ಕೊಟ್ಟದ್ದು. ಈ ಸಲ ಸೂಚಿಸಿರುವ ಆ್ಯಂಟಿಬಯಾಟಿಕ್ಕೂ ಆಸ್ಪಿರಿನ್ನೂ ಅದೇ ಸಾಲಿಗೆ ಸೇರುತ್ತವೆ. ಹಾಗಾಗಿ ಹೊಸದಾಗಿ ಏನು ನುಂಗಬೇಕು ಎನ್ನುವುದಕ್ಕಿಂತ, ಏನನ್ನು ಬಿಡಬಾರದು ಎಂಬಲ್ಲಿಂದ ಶುರುಮಾಡೋಣ.

ಅತ್ತೆಯವರ ನೀರು

ಪ್ರಯಾಣದ ದಿನ ಬಾಯಿ ಕಟ್ಟುವ ಹೆಂಗಸರು ಬಹಳ. ಅವರ ಭಯದಲ್ಲಿ ತಪ್ಪಿಲ್ಲ, ಕೊಳಕು ಶೌಚಾಲಯ ನಿಜಕ್ಕೂ ಹಿಂಸೆ. ಆದರೆ ಉರಿಮೂತ್ರ ಶೌಚಾಲಯದ ಸೀಟಿನಿಂದ ಅಂಟಿಕೊಂಡು ಬರುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಮೂತ್ರದ ಸೋಂಕಿಗೆ ಬಹುಪಾಲು ಕಾರಣ ನಮ್ಮದೇ ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಅದು ಚರ್ಮದ ಮೇಲಿಂದ ಮೂತ್ರನಾಳಕ್ಕೆ ಹತ್ತಿ, ಮೂತ್ರಕೋಶ ಸೇರುತ್ತದೆ. ಆಗಾಗ ಮೂತ್ರ ಹೋಗುತ್ತಿದ್ದರೆ ಹತ್ತಿದ ಬ್ಯಾಕ್ಟೀರಿಯಾ ತೊಳೆದುಹೋಗುತ್ತದೆ. 8-10 ಗಂಟೆ ಒಂದೇ ಸಮನೆ ಕಟ್ಟಿದರೆ ಅದಕ್ಕೆ ಬೆಳೆಯಲು ಜಾಗವೂ ಸಮಯವೂ ಸಿಕ್ಕಂತಾಯಿತು. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಸೋಂಕಿನ ಸಾಧ್ಯತೆ ಮೊದಲೇ ಹೆಚ್ಚು.

ಇನ್ನೊಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೀಟು ಮುಟ್ಟಬಾರದೆಂದು ಅರ್ಧ ಬಗ್ಗಿ, ತೊಡೆ ಬಿಗಿಹಿಡಿದು ಮೂತ್ರ ಮಾಡಿದರೆ ಕೆಳಹೊಟ್ಟೆಯ ತಳದ ಸ್ನಾಯುಗಳು ಸಡಿಲವಾಗುವುದಿಲ್ಲ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸ್ವಲ್ಪ ಒಳಗೇ ಉಳಿಯುತ್ತದೆ. ಸೀಟಿನ ಮೇಲೆ ಟಿಶ್ಯೂ ಹಾಸಿ ಕುಳಿತುಕೊಳ್ಳುವುದೋ, ನೆಲದ ಶೌಚಾಲಯದಲ್ಲಿ ಪೂರ್ತಿ ಕುಕ್ಕರಗಾಲಿನಲ್ಲಿ ಕೂರುವುದೋ ಮಾಡಲಿ. ಅರ್ಧಕ್ಕೆ ನಿಲ್ಲುವುದು ಬೇಡ. ಒರೆಸುವುದು, ತೊಳೆಯುವುದು ಮುಂದಿನಿಂದ ಹಿಂದಕ್ಕೆ. ಒಂದು ಚೀಲದಲ್ಲಿ ಟಿಶ್ಯೂ, ಸಣ್ಣ ನೀರಿನ ಬಾಟಲಿ, ಸೋಪು, ಒಂದು ಜೊತೆ ಒಳಉಡುಪು ಇಟ್ಟು ಅವರ ಕೈಗೇ ಕೊಡಿ. ಚೀಲ ತಮ್ಮ ಬಳಿಯಿದ್ದರೆ ಅರ್ಧ ಧೈರ್ಯ ಬರುತ್ತದೆ.

ಎಷ್ಟು ಕುಡಿಯಬೇಕು? ಗಂಟೆಗೆ 100ರಿಂದ 150 ಮಿ.ಲೀ., ಅಂದರೆ ಅರ್ಧ ಲೋಟದ ಆಸುಪಾಸು, ಗುಟುಕು ಗುಟುಕಾಗಿ. ಒಂದೇ ಸಲ ಅರ್ಧ ಲೀಟರ್ ಕುಡಿದರೆ ಮೂತ್ರದ ಅವಸರವೂ ಒಂದೇ ಸಲ ಬರುತ್ತದೆ. ಮೂತ್ರ ತಿಳಿ ಹಳದಿಯಿದ್ದರೆ ಸಾಕು, ಕಡು ಹಳದಿಯಾದರೆ ನೀರು ಕಮ್ಮಿಯಾಗಿದೆ. 2 ಗಂಟೆಗೊಮ್ಮೆ ಕಾರು ನಿಲ್ಲಿಸುವ ಜಾಗಗಳನ್ನು ಹೊರಡುವ ಮೊದಲೇ ಗುರುತುಮಾಡಿಟ್ಟುಕೊಳ್ಳಿ. ಅವಸರ ಬಂದಾಗ ಹುಡುಕಲು ಹೊರಟರೆ ಒಳ್ಳೆಯ ಜಾಗ ಸಿಗುವುದಿಲ್ಲ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹಾಕಿದ್ದರೆ ಮಾತ್ರ ಆ ಮಿತಿಯೇ ಅಂತಿಮ.

ಮೂತ್ರ ಹೆಚ್ಚಿಸುವ ಮಾತ್ರೆ ಬಿಡುವುದು ಬೇಡ. ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಅದು ಯಾವ ಮಾತ್ರೆ ಎನ್ನುವುದರ ಮೇಲೆ ಉತ್ತರ ನಿಂತಿದೆ. ಫ್ಯೂರೋಸೆಮೈಡ್ ಆದರೆ ನುಂಗಿದ 1-2 ಗಂಟೆಯಲ್ಲಿ ಜೋರಾಗಿ ಕೆಲಸ ಮಾಡಿ, ಸುಮಾರು 6 ಗಂಟೆಗೆ ಇಳಿಯುತ್ತದೆ. ಅದನ್ನು ತಂಗುವ ಜಾಗ ಸೇರಿದ ಮೇಲೆ ತೆಗೆದುಕೊಳ್ಳಲು ವೈದ್ಯರು ಒಪ್ಪಬಹುದು. ಕ್ಲೋರ್‌ಥಾಲಿಡೋನ್ ಆದರೆ ಅದರ ಕೆಲಸ ಒಂದು ದಿನಕ್ಕೂ ಮೀರಿ ಎಳೆಯುವುದರಿಂದ ಹೊತ್ತು ಬದಲಿಸಿ ಹೆಚ್ಚೇನೂ ಲಾಭವಿಲ್ಲ.

ಮಲಬದ್ಧತೆಗೂ ನೀರಿನ ಕೊರತೆ ಒಂದು ಕಾರಣ, ಬಂದ ಒತ್ತಡವನ್ನು ತಡೆದದ್ದು ಇನ್ನೊಂದು. ಬೆಳಗಿನ ತಿಂಡಿ ಹೊಟ್ಟೆಗೆ ಬಿದ್ದೊಡನೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತಿಗೇ ಚೀಲ ಎತ್ತಿಕೊಂಡು ಓಡಿದರೆ ಆ ದಿನದ ಅವಕಾಶ ಹೋದಂತೆ. ತಿಂಡಿಗೂ ಹೊರಡುವುದಕ್ಕೂ ನಡುವೆ ಅರ್ಧ ಗಂಟೆ ಬಿಡಿ. ಇಸಬ್‌ಗೋಲ್ ಕೊಡುವುದಾದರೆ ಪ್ರತಿ ಸಲವೂ ಜೊತೆಗೆ ಒಂದು ದೊಡ್ಡ ಲೋಟ ನೀರು ಕೊಡಲೇಬೇಕು. ನೀರಿಲ್ಲದೆ ಅದು ಕರುಳಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಭೇದಿ ಮಾಡಿಸುವ ಮಾತ್ರೆಯನ್ನು ಮೊದಲ ಬಾರಿಗೆ ಪ್ರಯಾಣದಲ್ಲಿ ಪ್ರಯೋಗ ಮಾಡಬೇಡಿ.

ಕಾಲಿನ ಊತಕ್ಕೂ ನೀರಿಗೂ ಸಂಬಂಧವಿಲ್ಲ

ನೀರು ಕುಡಿದರೆ ಕಾಲು ಊದುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ನೀರು ಬಿಟ್ಟರೂ ಕಾಲು ಊದಿದ್ದನ್ನು ನೀವೇ ಬರೆದಿದ್ದೀರಿ. ಕಾಲಿನಿಂದ ಮೇಲಕ್ಕೆ ರಕ್ತ ಏರಲು ಮೀನಖಂಡದ ಸ್ನಾಯುಗಳು ಪಂಪಿನಂತೆ ಕೆಲಸ ಮಾಡಬೇಕು. ನಡೆಯುವಾಗ ಅವು ರಕ್ತನಾಳಗಳನ್ನು ಹಿಂಡಿ ರಕ್ತವನ್ನು ಮೇಲೆ ದೂಡುತ್ತವೆ. ಕಾಲು ಇಳಿಬಿಟ್ಟು ಕೂತಲ್ಲೇ ಕೂತರೆ ಪಂಪು ನಿಂತಂತೆ. ರಕ್ತನಾಳದೊಳಗೆ ಒತ್ತಡ ಏರಿ, ನೀರಿನಂಶ ಪಾದದಲ್ಲಿ ಸೋರಿ ನಿಲ್ಲುತ್ತದೆ. ಅದರ ಜೊತೆಗೆ, ಅಮ್ಲೋಡಿಪಿನ್ ತೆಗೆದುಕೊಳ್ಳುವ ಹಲವರಲ್ಲಿ ಪ್ರಯಾಣವಿಲ್ಲದಿದ್ದರೂ ಕಣಕಾಲು ಊದುವುದು ಆ ಮಾತ್ರೆಯದೇ ಅಡ್ಡಪರಿಣಾಮ. ಮನೆಯಲ್ಲಿದ್ದಾಗಲೂ ಸಂಜೆಗೆ ಊತ ಇರುತ್ತದೆಯೇ ಎಂದು ಈಗಲೇ ನೋಡಿ, ಇದ್ದರೆ ವೈದ್ಯರಿಗೆ ತಿಳಿಸಿ.

ಅರ್ಧ ಗಂಟೆಗೊಮ್ಮೆ ಹಿಮ್ಮಡಿ ನೆಲಕ್ಕೂರಿ ಪಾದದ ಮುಂಭಾಗ ಎತ್ತುವುದು, ಆಮೇಲೆ ಬೆರಳು ಊರಿ ಹಿಮ್ಮಡಿ ಎತ್ತುವುದು, 20 ಸಲ. ಮೀನಖಂಡ ಬಿಗಿಯಾದದ್ದು ಕೈಗೆ ಗೊತ್ತಾಗಬೇಕು. ಬರೀ ಬೆರಳು ಅಲ್ಲಾಡಿಸಿದರೆ ಸಾಲದು. ಕಾರು ನಿಂತಾಗಲೆಲ್ಲ 5 ನಿಮಿಷ ನಡೆಯಲಿ. ವಿಮಾನದಲ್ಲಿ ನಡುದಾರಿಯ ಪಕ್ಕದ ಸೀಟು ಕೊಡಿಸಿ, ಕಾಲಿನ ಕೆಳಗೆ ಚೀಲ ತುರುಕಬೇಡಿ.

4 ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಕಡೆ ಕೂರುವ ಪ್ರಯಾಣ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ ಎನ್ನುವುದು ನಿಜ. ವಿಮಾನ ಮಾತ್ರವಲ್ಲ, ಕಾರು, ಬಸ್ಸು, ರೈಲಿಗೂ ಈ ಮಾತು ಸಲ್ಲುತ್ತದೆ. ಆದರೂ ಹೆಚ್ಚಿನವರಿಗೆ ಈ ಅಪಾಯ ತೀರಾ ಸಣ್ಣದು. ಹಿಂದೆ ಹೆಪ್ಪುಗಟ್ಟಿದ್ದರೆ, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆಗಿದ್ದರೆ, ಕ್ಯಾನ್ಸರ್ ಇದ್ದರೆ, ಗರ್ಭಿಣಿ ಅಥವಾ ಬಾಣಂತಿಯಾಗಿದ್ದರೆ, ಈಸ್ಟ್ರೋಜೆನ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತು ಬೇರೆ. ಪ್ರಯಾಣದ ಹೆಪ್ಪು ತಡೆಯಲೆಂದು ಮಾತ್ರ ಆಸ್ಪಿರಿನ್ ಕೊಡುವುದನ್ನು ಮಾರ್ಗಸೂಚಿಗಳು ಒಪ್ಪುವುದಿಲ್ಲ. ಲಾಭ ಖಚಿತವಿಲ್ಲ, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಮಾತ್ರ ಖಚಿತ, ಅದರಲ್ಲೂ ಈ ವಯಸ್ಸಿನಲ್ಲಿ. ಹೃದಯಕ್ಕೆಂದು ವೈದ್ಯರೇ ಮೊದಲಿನಿಂದ ಕೊಟ್ಟಿದ್ದರೆ ಅದನ್ನು ನಿಲ್ಲಿಸಬಾರದು.

ಅಪಾಯ ಹೆಚ್ಚಿರುವವರಿಗೆ ಮೊಣಕಾಲಿನ ಕೆಳಗಿನ ಒತ್ತುವ ಕಾಲುಚೀಲ, ಕಣಕಾಲಿನ ಹತ್ತಿರ 15ರಿಂದ 30 ಎಂಎಂಎಚ್‌ಜಿ ಒತ್ತಡದ್ದು, ಸಹಾಯ ಮಾಡುತ್ತದೆ. ಊತವನ್ನೂ ತಗ್ಗಿಸುತ್ತದೆ. ಅತ್ತೆಯವರಿಗೆ ಕೊಳ್ಳುವ ಮೊದಲು ಪಾದದ ನಾಡಿಯನ್ನು ವೈದ್ಯರು ಮುಟ್ಟಿ ನೋಡಲಿ. ಸಕ್ಕರೆ ಕಾಯಿಲೆಯಲ್ಲಿ ಕಾಲಿಗೆ ರಕ್ತ ಇಳಿಯುವುದೇ ಕಡಿಮೆಯಾಗಿದ್ದರೆ ಈ ಒತ್ತಡ ಚರ್ಮಕ್ಕೆ ಗಾಯ ಮಾಡುತ್ತದೆ. ಅಳತೆಯನ್ನು ಬೆಳಿಗ್ಗೆ, ಊತ ಬರುವ ಮುಂಚೆ ತೆಗೆಯಬೇಕು. ಮೇಲಂಚು ಸುರುಳಿಯಾಗಿ ಮಡಚಿಕೊಂಡರೆ ಹಗ್ಗ ಕಟ್ಟಿದಂತಾಗುತ್ತದೆ, ಆಗಾಗ ಬಿಡಿಸಿ. ರಾತ್ರಿ ಕಳಚಿ, ಪಾದ ಮತ್ತು ಬೆರಳ ಸಂದಿಗಳನ್ನು ಬೆಳಕಿನಲ್ಲಿ ನೋಡಿ. ಸ್ಪರ್ಶ ಮಂಕಾದ ಪಾದದಲ್ಲಿ ಬೊಕ್ಕೆ ಎದ್ದರೂ ಅವರಿಗೆ ಗೊತ್ತಾಗದಿರಬಹುದು.

ಎರಡೂ ಕಾಲು ಸಮನಾಗಿ ಊದಿ, ಮಲಗಿ ಎದ್ದ ಮೇಲೆ ಇಳಿದರೆ ಹೆದರಬೇಡಿ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತ ಬಿಸಿಯಾಗಿದ್ದರೆ ಅದೇ ದಿನ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ತುರ್ತು ಚಿಕಿತ್ಸೆಗೆ ಓಡಬೇಕು. ಊರಿಗೆ ಮರಳಿ ಕೆಲವು ವಾರಗಳಾದ ಮೇಲೂ ಇದು ಬರಬಹುದು, ಆಗ ಪ್ರಯಾಣ ಮಾಡಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಗ್ಲಿಮೆಪಿರೈಡ್ ಬಗ್ಗೆ ಒಂದು ಮಾತು

ನೀವು ಕೇಳಿಲ್ಲ, ಆದರೆ ನಿಮ್ಮ ಪಟ್ಟಿಯಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಇದೇ. ಈ ಮಾತ್ರೆ ಊಟ ಬಂದರೂ ಬರದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ಮನೆಯಲ್ಲಿ 8 ಗಂಟೆಗೆ ಮಾತ್ರೆ, 8:15ಕ್ಕೆ ತಿಂಡಿ. ದಾರಿಯಲ್ಲಿ 8ಕ್ಕೆ ಮಾತ್ರೆ ನುಂಗಿ, ಒಳ್ಳೆಯ ಹೋಟೆಲ್ ಹುಡುಕುತ್ತ 10 ಗಂಟೆಯಾದರೆ ಸಕ್ಕರೆ ಕುಸಿಯುತ್ತದೆ. ಪ್ರಯಾಣದಲ್ಲಿ ಗಡಿಯಾರ ನೋಡಿ ಕೊಡಬೇಡಿ, ತಟ್ಟೆ ಎದುರಿಗೆ ಬಂದ ಮೇಲೆ ಕೊಡಿ.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ತಡವರಿಸುವ ಮಾತು, ವಿಚಿತ್ರ ಮಂಪರು. ಹಿಂದಿನ ಸೀಟಿನಲ್ಲಿ ಕೂತ ಹಿರಿಯರು ತೂಕಡಿಸುತ್ತಿದ್ದಾರೆ ಎಂದು ಎಲ್ಲರೂ ಸುಮ್ಮನಾಗುವುದು ಇಲ್ಲೇ. ಹಣೆ, ಕುತ್ತಿಗೆ ತಣ್ಣಗೆ ಒದ್ದೆಯಾಗಿದ್ದರೆ ಎಬ್ಬಿಸಿ, ಗ್ಲುಕೋಮೀಟರಿನಲ್ಲಿ ನೋಡಿ. ಅರ್ಧ ಲೋಟ ನೀರಿಗೆ 3 ಟೀ ಚಮಚ ಸಕ್ಕರೆ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ಏರುವುದನ್ನು ತಡಮಾಡುತ್ತದೆ. ಸುಧಾರಿಸಿದ ಮೇಲೆ ಊಟ ಕೊಡಲೇಬೇಕು, ಏಕೆಂದರೆ ಈ ಮಾತ್ರೆಯಿಂದ ಇಳಿದ ಸಕ್ಕರೆ ಕೆಲವು ಗಂಟೆಗಳ ನಂತರ ಮತ್ತೆ ಇಳಿಯಬಹುದು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ನೇರ ಆಸ್ಪತ್ರೆಗೆ ಒಯ್ಯಿರಿ.

ಮಾತ್ರೆಗಳೆಲ್ಲ ಕೈಚೀಲದಲ್ಲೇ ಇರಲಿ. 8 ದಿನಕ್ಕೆ 12 ದಿನದ್ದು, ಔಷಧದ ಮೂಲ ಹೆಸರು ಬರೆದ ಚೀಟಿಯ ಜೊತೆಗೆ.

ಮಗನ ವಾಂತಿ

ಒಂಡಾನ್‌ಸೆಟ್ರಾನ್ ಹೊಟ್ಟೆ ಸೋಂಕಿನ ವಾಂತಿಗೆ ಒಳ್ಳೆಯ ಔಷಧ. ಪ್ರಯಾಣದ ವಾಂತಿ ಹುಟ್ಟುವುದು ಹೊಟ್ಟೆಯಲ್ಲಲ್ಲ. ಒಳಕಿವಿ ‘ಓಲಾಡುತ್ತಿದ್ದೇವೆ’ ಎಂದು ಹೇಳುತ್ತಿರುವಾಗ ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ‘ಎಲ್ಲವೂ ನಿಂತಲ್ಲೇ ಇದೆ’ ಎನ್ನುತ್ತದೆ. ಈ ಎರಡರ ತಿಕ್ಕಾಟದಿಂದ ಹೊಟ್ಟೆ ತೊಳಸುತ್ತದೆ. ಆ ದಾರಿಯಲ್ಲಿ ಕೆಲಸ ಮಾಡುವ ರಾಸಾಯನಿಕಗಳು ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್. ಒಂಡಾನ್‌ಸೆಟ್ರಾನ್ ತಡೆಯುವುದು ಸೆರೊಟೋನಿನ್ ಅನ್ನು. ಬೀಗ ಒಂದು, ಕೀಲಿ ಇನ್ನೊಂದು.

2ರಿಂದ 12 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಚಿಕ್ಕವರ ತಲೆ ಕಿಟಕಿಯ ಮಟ್ಟಕ್ಕೆ ಬರುವುದೇ ಇಲ್ಲ ಎನ್ನುವುದನ್ನು ದೊಡ್ಡವರು ಗಮನಿಸುವುದಿಲ್ಲ. ನೀವೊಮ್ಮೆ ಮಗನ ಸೀಟಿನಲ್ಲಿ ಅವನ ತಲೆಯ ಎತ್ತರಕ್ಕೆ ಬಗ್ಗಿ ನೋಡಿ: ಕಾಣುವುದು ಸೀಟಿನ ಬೆನ್ನು, ಬಾಗಿಲಿನ ಬಟ್ಟೆ, ಒಂದಿಷ್ಟು ಆಕಾಶ. ಮುಂದೆ ಕೂರಿಸಿದರೆ ರಸ್ತೆ ಕಾಣುತ್ತದೆ ನಿಜ, ಆದರೆ ಏರ್‌ಬ್ಯಾಗ್ ಕಾರಣಕ್ಕೆ ಈ ವಯಸ್ಸಿನ ಮಗು ಮುಂದೆ ಕೂರಬಾರದು. ಹಿಂದಿನ ಸೀಟಿನ ನಡುವೆ, ಹೆಗಲ ಮೇಲಿಂದ ಬರುವ ಬೆಲ್ಟ್ ಇದ್ದರೆ, ಬೂಸ್ಟರ್ ಸೀಟಿನ ಮೇಲೆ ಕೂರಿಸಿ. ಮುಂದಿನ ಗಾಜಿನಲ್ಲಿ ದೂರದ ರಸ್ತೆ ಕಾಣುವಂತಿರಲಿ. ನಡುವೆ ಅಂಥ ಬೆಲ್ಟ್ ಇಲ್ಲದಿದ್ದರೆ ಪಕ್ಕದ ಸೀಟೇ ಸರಿ, ಬೂಸ್ಟರ್ ಮಾತ್ರ ಬೇಕು. ಮೊಬೈಲ್, ಪುಸ್ತಕ ಬೇಡ, ಕತೆ ಕೇಳಿಸಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಮೆಲ್ಲಗೆ ತಿರುಗಿಸಿದರೆ ಅರ್ಧ ಔಷಧ ಅದೇ. ಎ.ಸಿ.ಯಲ್ಲಿ ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಆಗಾಗ ಆರಿಸಿ, ಹೊರಗಾಳಿ ಬರಲಿ.

ಬರಿಹೊಟ್ಟೆಯಲ್ಲಿ ಹೊರಟರೆ ವಾಂತಿಯಾಗದು ಎನ್ನುವುದೂ ಸರಿಯಲ್ಲ. ಹಸಿವೆಯೂ ಹೊಟ್ಟೆ ತೊಳಸುತ್ತದೆ. ಹೊರಡುವ ಗಂಟೆ-ಒಂದೂವರೆ ಗಂಟೆ ಮೊದಲು ಎಣ್ಣೆಯಿಲ್ಲದ ಹಗುರ ತಿಂಡಿ, ದಾರಿಯಲ್ಲಿ ಒಣ ಬಿಸ್ಕತ್ತಿನಂಥದ್ದು. ಶುಂಠಿಯಿಂದ ಕೆಲವರಿಗೆ ಹಾಯೆನಿಸುತ್ತದೆ, ಕೊಟ್ಟು ನೋಡಲು ಅಡ್ಡಿಯಿಲ್ಲ. ನಿಂಬೆಹಣ್ಣು ಮೂಸುವುದರಿಂದ ಡೀಸೆಲ್ ವಾಸನೆ ಮರೆಯಾಗಬಹುದು, ಅಷ್ಟೇ.

ಇಷ್ಟಕ್ಕೂ ನಿಲ್ಲದಿದ್ದರೆ ಡೈಮೆನ್‌ಹೈಡ್ರಿನೇಟ್‌ನಂಥ ಔಷಧ ಕೆಲಸ ಮಾಡುತ್ತದೆ. ಪ್ರಮಾಣವನ್ನು ಮಕ್ಕಳ ವೈದ್ಯರಿಂದ ಬರೆಸಿಕೊಳ್ಳಿ. ಹೊರಡುವ ಅರ್ಧದಿಂದ ಒಂದು ಗಂಟೆ ಮೊದಲೇ ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೆ ಬರುತ್ತದೆ. ಇದರಿಂದ ನಿದ್ದೆ ಬರುತ್ತದೆ, ಕೆಲವು ಮಕ್ಕಳು ಮಾತ್ರ ತದ್ವಿರುದ್ಧವಾಗಿ ಚಡಪಡಿಸಿ ರಂಪ ಮಾಡುತ್ತಾರೆ. ಹಾಗಾಗಿ ಪ್ರವಾಸಕ್ಕೆ ಮುಂಚೆ ಒಂದು ದಿನ ಮನೆಯಲ್ಲೇ ಕೊಟ್ಟು ನೋಡುವುದು ಒಳ್ಳೆಯದು. ವಾಂತಿಯಾದ ಮೇಲೆ 10-15 ನಿಮಿಷ ಹೊಟ್ಟೆಗೆ ಬಿಡುವು ಕೊಟ್ಟು, ಆಮೇಲೆ 1-2 ನಿಮಿಷಕ್ಕೊಂದು ಟೀ ಚಮಚದಂತೆ ಓಆರ್‌ಎಸ್ ಕುಡಿಸಿ. ಬಾಯಾರಿದ್ದಾನೆಂದು ಲೋಟ ಕೊಟ್ಟರೆ ಅದೂ ಹೊರಗೆ.

ವಿಮಾನ ಇಳಿಯಲು ಶುರುಮಾಡುವುದು ನೆಲ ಮುಟ್ಟುವ ಅರ್ಧ ಗಂಟೆ ಮೊದಲು. ಆಗ ಅವನನ್ನು ಎಬ್ಬಿಸಿ, ಏನಾದರೂ ನುಂಗುತ್ತಿರುವಂತೆ ಮಾಡಿ. ನಿದ್ದೆಯಲ್ಲಿ ನುಂಗುವುದು ಕಡಿಮೆಯಾಗಿ ಕಿವಿ ಕಟ್ಟಿ ನೋಯುತ್ತದೆ.

ನಿಮ್ಮ ಹೊಟ್ಟೆ, ನೆಂಟರ ಸಲಹೆ

ಮುಂಗಡ ಆ್ಯಂಟಿಬಯಾಟಿಕ್ ಬೇಡ. ವೈರಸ್‌ನಿಂದ ಬರುವ ಭೇದಿಗೆ ಅದು ತಾಗುವುದೇ ಇಲ್ಲ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಆ ಔಷಧದಿಂದಲೇ ಭೇದಿ ಶುರುವಾಗುವುದೂ ಉಂಟು. ನಿಜವಾಗಿ ಸೋಂಕು ಬಂದ ದಿನ ಅದೇ ಔಷಧ ನಾಟದೆ ಹೋಗಬಹುದು.

ಊಟ ದುಬಾರಿ ಜಾಗದ್ದೋ ಅಗ್ಗದ್ದೋ ಎನ್ನುವುದಕ್ಕಿಂತ ಹೊಗೆಯಾಡುವಷ್ಟು ಬಿಸಿಯಿದೆಯೇ ಎನ್ನುವುದು ಮುಖ್ಯ. ಬೇಯಿಸಿದ ಪದಾರ್ಥ ಸಾಧಾರಣ ಉಷ್ಣತೆಯಲ್ಲಿ 2 ಗಂಟೆ, ಸುಡುಬಿಸಿಲಿನ ದಿನ 1 ಗಂಟೆ ಇದ್ದರೆ ಮುಟ್ಟಬೇಡಿ. ನೀವು ಮನೆಯಿಂದ ಕಟ್ಟಿಕೊಂಡು ಹೋದ ಬುತ್ತಿಗೂ ಇದೇ ಲೆಕ್ಕ. ಮನೆಯದೆಂಬ ಕಾರಣಕ್ಕೆ ಅದು ಕೆಡದೆ ಇರುವುದಿಲ್ಲ. ಹೆಚ್ಚಿಟ್ಟ ಹಣ್ಣು, ಐಸ್ ಬೇಡ, ಸಿಪ್ಪೆ ನೀವೇ ಸುಲಿಯುವ ಹಣ್ಣು ಸರಿ. ನೀರಿನ ಬಗ್ಗೆ ಅನುಮಾನವಿದ್ದರೆ ಕೊತಕೊತ ಕುದಿ ಬಂದ ಮೇಲೆ 1 ನಿಮಿಷ, 2000 ಮೀಟರಿಗಿಂತ ಎತ್ತರದ ಜಾಗದಲ್ಲಿ 3 ನಿಮಿಷ ಕುದಿಸಿ. ಊಟಕ್ಕೆ ಮುಂಚೆ ಸೋಪಿನಿಂದ 20 ಸೆಕೆಂಡು ಕೈ ತೊಳೆಯಿರಿ. ಗುಂಪಿನಲ್ಲಿ ವಾಂತಿ-ಭೇದಿ ಹರಡುವ ನೊರೋವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ಭೇದಿ ಶುರುವಾದರೆ ಓಆರ್‌ಎಸ್. ಇಲ್ಲಿ ನಡೆಯುವ ದೊಡ್ಡ ತಪ್ಪೆಂದರೆ 1 ಲೀಟರಿನ ಪೊಟ್ಟಣದಿಂದ ಚಮಚದಷ್ಟು ತೆಗೆದು ಲೋಟಕ್ಕೆ ಹಾಕುವುದು. ಗಟ್ಟಿಯಾದ ದ್ರಾವಣ ಕರುಳಿಗೇ ನೀರೆಳೆದು ಭೇದಿ ಹೆಚ್ಚಿಸುತ್ತದೆ. ಪೊಟ್ಟಣದ ಮೇಲೆ ಬರೆದಷ್ಟು ನೀರಿಗೆ ಇಡೀ ಪೊಟ್ಟಣ ಹಾಕಿ, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಕ್ಕರೆ 6 ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಎರಡೂ ತಲೆಸವರಿದ ಅಳತೆ. ಸಕ್ಕರೆ ಕಾಯಿಲೆ ಇದೆಯೆಂದು ಅತ್ತೆಯವರಿಗೆ ಇದನ್ನು ತಪ್ಪಿಸಬೇಡಿ. ಪೊಟ್ಟಣದ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಭೇದಿ ಕಟ್ಟುವ ಲೋಪೆರಮೈಡ್ ನಿಮ್ಮಂಥ ದೊಡ್ಡವರಿಗೆ, ಪ್ರಯಾಣದ ಕೆಲವು ಗಂಟೆಗಳ ಮಟ್ಟಿಗೆ ಆಗಬಹುದು. ಮಗುವಿಗೆ ಬೇಡ. ಮಲದಲ್ಲಿ ರಕ್ತ ಅಥವಾ ಜ್ವರ ಇದ್ದರೆ ಯಾರಿಗೂ ಬೇಡ, ವೈದ್ಯರ ಬಳಿ ಹೋಗಿ.

ರಾತ್ರಿ ಹೊರಡುವ ವಿಚಾರ

ನಿಮ್ಮ ಪತ್ರದಲ್ಲಿ ಜೀವಕ್ಕೆ ಎರವಾಗಬಲ್ಲದ್ದು ಇದು. ದಿನವಿಡೀ ಕೆಲಸ ಮಾಡಿ, ಚೀಲ ಕಟ್ಟಿ, ರಾತ್ರಿ ಊಟ ಮಾಡಿ ಹೊರಟರೆ ನಡುರಾತ್ರಿಗೆ ಎದ್ದು 17-18 ಗಂಟೆಯಾಗಿರುತ್ತದೆ. ಅಷ್ಟು ಹೊತ್ತು ಎಚ್ಚರವಿದ್ದವರ ಚುರುಕು ಮದ್ಯ ಕುಡಿದವರ ಮಟ್ಟಕ್ಕೆ ಇಳಿಯುತ್ತದೆ. ಮೇಲಾಗಿ ರಾತ್ರಿ 2ರಿಂದ ಬೆಳಗಿನ 6ರವರೆಗೆ ದೇಹದ ಗಡಿಯಾರವೇ ನಿದ್ದೆಗೆ ಎಳೆಯುತ್ತದೆ. ಗಾಜು ಇಳಿಸುವುದು, ಜೋರು ಹಾಡು, ಮುಖಕ್ಕೆ ನೀರು, ಯಾವುದೂ ಕೆಲವು ನಿಮಿಷಕ್ಕಿಂತ ಹೆಚ್ಚು ತಡೆಯದು. ರಾತ್ರಿ ಪೂರ್ತಿ ಮಲಗಿ, ಬೆಳಕು ಹರಿಯುವ ಹೊತ್ತಿಗೆ ಹೊರಡಿ. 2 ಗಂಟೆಗೊಮ್ಮೆ 15 ನಿಮಿಷದ ಬಿಡುವು ಎಲ್ಲರಿಗೂ ಬೇಕಾದದ್ದೇ. ಮಧ್ಯಾಹ್ನ ಕಣ್ಣು ಎಳೆದರೆ ಕಾರು ನಿಲ್ಲಿಸಿ, ಒಂದು ಕಾಫಿ ಕುಡಿದು, 15-20 ನಿಮಿಷ ಮಲಗಲಿ. ಕಾಫಿ ತಲೆಗೇರುವುದಕ್ಕೂ ಅಷ್ಟೇ ಹೊತ್ತು ಬೇಕು. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಿಕೊಂಡು ಮಾತ್ರ ಮಲಗಬಾರದು, ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದೆ ಕೊಲ್ಲುತ್ತದೆ. ನೆಗಡಿಗೆ ನುಂಗುವ ಮಾತ್ರೆಗಳಲ್ಲಿ ನಿದ್ದೆ ಬರಿಸುವಂಥವು ಹಲವಿವೆ, ಓಡಿಸುವವರು ಆ ದಿನ ಅದನ್ನು ಮುಟ್ಟಬಾರದು.

ಹೊರಡುವ 2-3 ವಾರ ಮೊದಲು ಅತ್ತೆಯವರನ್ನು ಅವರ ವೈದ್ಯರ ಬಳಿ ಕರೆದೊಯ್ಯಿರಿ. ಮೂತ್ರ ಹೆಚ್ಚಿಸುವ ಮಾತ್ರೆಯ ಹೊತ್ತು ಬದಲಿಸಬಹುದೇ, ಕಾಲುಚೀಲ ಹಾಕಬಹುದೇ ಎಂದು ಕೇಳಿ. ವಾಂತಿ-ಭೇದಿಯಾದ ದಿನ ಮೆಟ್‌ಫಾರ್ಮಿನ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ನಿಲ್ಲಿಸಬೇಕೇ, ಗ್ಲಿಮೆಪಿರೈಡ್ ಎಷ್ಟಕ್ಕೆ ಇಳಿಸಬೇಕು ಎನ್ನುವುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ದೇಹದಲ್ಲಿ ನೀರು ಬತ್ತಿದಾಗ ಈ ಮಾತ್ರೆಗಳು ಮೂತ್ರಪಿಂಡಕ್ಕೆ ಹೊರೆಯಾಗಬಹುದು, ಸಕ್ಕರೆಯನ್ನೂ ಕುಸಿಯುವಂತೆ ಮಾಡಬಹುದು. ಫ್ಲೂ ಲಸಿಕೆ ಬಾಕಿಯಿದ್ದರೆ ಅದೇ ದಿನ ಹಾಕಿಸಿ, ಅದು ರಕ್ಷಣೆ ಕೊಡಲು ಸುಮಾರು 2 ವಾರ ಬೇಕು.